ಎಸ್ಟೀಮ್‌ಗೆ ಇನ್‌ಟೇಕ್ ಮ್ಯಾನಿಫೋಲ್ಡ್: ಹೊಸದು ಕಟ್ಟಿಸಲಾ, ಕಂಪನಿಯದನ್ನೇ ತಿದ್ದಿಸಲಾ?

ಪಿಬಿ_ರೋಡ್_ಎಸ್ಟೀಮ್

ಎಲ್ಲರಿಗೂ ನಮಸ್ಕಾರ. ದಾವಣಗೆರೆಯವನು. ಗಾಡಿ 2004ರ ಎಸ್ಟೀಮ್. ಜಿ13ಬಿಬಿ ಇಂಜಿನ್, 1298 ಸಿಸಿ, 16 ವಾಲ್ವ್, ಎಂಪಿಎಫ್‌ಐ. ಅಪ್ಪ ಹೊಸದಾಗಿ ತೆಗೆದುಕೊಂಡಿದ್ದು, ಈಗ ನನ್ನ ಕೈಯಲ್ಲಿದೆ. ಕಂಪನಿ ಲೆಕ್ಕದಲ್ಲಿ 85 ಬಿಎಚ್‌ಪಿ. ಎಫ್‌ಸಿ ಮಾಡಿಸಿ ಆರ್‌ಸಿ ರಿನ್ಯೂ ಆಗಿದೆ, ಅದರ ಚಿಂತೆ ಇಲ್ಲ.

ಇಲ್ಲಿಯವರೆಗೆ ಆದ ಕೆಲಸ: ಹೆಡ್ ಬಿಚ್ಚಿ ಪೋರ್ಟಿಂಗ್ (ಒಳಗಿನ ಗಾಳಿ ದಾರಿ ತಿದ್ದುವುದು) ಮಾಡಿಸಿದೆ. ವಾಲ್ವ್ ತೆರೆದು ಮುಚ್ಚುವ ಕ್ಯಾಮ್ ರೀಗ್ರೈಂಡ್ (ಮತ್ತೆ ಅರೆದು ಆಕಾರ ಬದಲಿಸುವುದು) ಆಯಿತು. ಹೊಗೆ ಹೊರಬಿಡುವ ಕಡೆ 4-2-1 ಹೆಡರ್ ಪೈಪ್ ಇದೆ. ಏರ್ ಬಾಕ್ಸ್ ತೆಗೆದು ಕೋನ್ ಫಿಲ್ಟರ್ ಹಾಕಿದ್ದೇನೆ. ಪಿಗ್ಗಿಬ್ಯಾಕ್ ಇಸಿಯು (ಕಂಪನಿಯ ಇಂಜಿನ್ ಕಂಪ್ಯೂಟರ್ ಜೊತೆ ಕೂರುವ ಇನ್ನೊಂದು) ಇದೆ, ಕ್ಯಾಮ್ ಆದ ಮೇಲೆ ಇನ್ನೂ ಟ್ಯೂನ್ ಮಾಡಿಸಿಲ್ಲ. ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಪೈಪುಗಳ ಜೋಡಣೆ) ಹಾಕಿಸಿಯೇ ಒಂದೇ ಸಲ ಮಾಡಿಸೋಣ ಅಂತ ತಡೆದಿದ್ದೇನೆ.

ಸಮಸ್ಯೆ ಏನೆಂದರೆ 5,500 ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ತಿರುಗುವ ಸುತ್ತು) ದಾಟುತ್ತಿದ್ದ ಹಾಗೆ ಗಾಡಿ ಸುಸ್ತಾಗುತ್ತದೆ. ಕ್ಯಾಮ್ ಮಾಡಿಕೊಟ್ಟವರು 7,000ದವರೆಗೂ ಎಳೆಯಬೇಕು ಅನ್ನುತ್ತಾರೆ. ಸ್ಟಾಕ್ ಮ್ಯಾನಿಫೋಲ್ಡೇ ಉಸಿರು ಕಟ್ಟಿಸುತ್ತಿದೆ ಅಂತ ಎಲ್ಲರ ಮಾತು.

ನನ್ನ ಮುಂದೆ ಮೂರು ದಾರಿ ಇವೆ. ಬೆಂಗಳೂರಿನಲ್ಲಿ ಒಬ್ಬರು ಅಲ್ಯೂಮಿನಿಯಂ ಶಾರ್ಟ್ ರನ್ನರ್ (ಸಿಲಿಂಡರ್‌ಗೊಂದು ಗಿಡ್ಡ ಪೈಪ್) ಮ್ಯಾನಿಫೋಲ್ಡ್ ಕಟ್ಟಿಕೊಡುತ್ತಾರೆ. ರನ್ನರ್ 15 ಸೆಂಟಿಮೀಟರ್, ಪೈಪ್ ಒಳಗಿನ ಅಳತೆ 42 ಎಂಎಂ, ಮೇಲೆ ದೊಡ್ಡ ಪ್ಲೀನಂ (ರನ್ನರ್‌ಗಳಿಗೆಲ್ಲ ಗಾಳಿ ಕೊಡುವ ಡಬ್ಬಿ). 38 ಸಾವಿರ ಹೇಳಿದ್ದಾರೆ, '20 ಬಿಎಚ್‌ಪಿ ಗ್ಯಾರಂಟಿ' ಅಂತಲೂ ಹೇಳಿದ್ದಾರೆ. ಇನ್ನೊಂದು, ಸೂಪರ್‌ಬೈಕಿನ ನಾಲ್ಕು ಥ್ರಾಟಲ್ ಬಾಡಿ (ಆಕ್ಸಿಲರೇಟರ್ ಒತ್ತಿದಾಗ ಗಾಳಿಗೆ ತೆರೆಯುವ ಬಾಗಿಲು) ತಂದು ಅಡಾಪ್ಟರ್ ಮಾಡಿಸಿ ಕೂರಿಸುವುದು. ಸೌಂಡ್ ಕೇಳಿದಾಗಿನಿಂದ ನಿದ್ದೆ ಬರುತ್ತಿಲ್ಲ. ಮೂರನೆಯದು ಇರುವುದನ್ನೇ ತಿದ್ದಿಸಿ ಸುಮ್ಮನಾಗುವುದು. ಗೆಳೆಯರೆಲ್ಲ ಅದು ದುಡ್ಡಿಲ್ಲದವರ ಕೆಲಸ ಅನ್ನುತ್ತಾರೆ.

ಗಾಡಿ ಬಳಕೆ: ದಿನಾ ಮನೆಯಿಂದ ಅಂಗಡಿಗೆ, ಪಿ.ಬಿ. ರೋಡ್ ಟ್ರಾಫಿಕ್ಕಿನಲ್ಲಿ. ಭಾನುವಾರ ಚಿತ್ರದುರ್ಗದ ಅಕ್ಕನ ಮನೆಗೆ, ಪೂರ್ತಿ ಹೈವೇ. ವರ್ಷಕ್ಕೆ ಒಂದೆರಡು ಮಣ್ಣಿನ ಆಟೋಕ್ರಾಸ್ (ಸಮಯದ ಮೇಲೆ ಓಡಿಸುವ ಸ್ಪರ್ಧೆ). ಯಾವುದು ಹಾಕಿಸಲಿ?

ಗೇರ್‌ಬಾಕ್ಸ್_ಗುರು

ಇಷ್ಟೆಲ್ಲ ಯಾಕೆ ಗುರು? ಹಳೇ ಬಲೆನೋದ 1.6 ಇಂಜಿನ್ ಇಳಿಸಿ, ಕತೆ ಮುಗಿಯಿತು. 1590 ಸಿಸಿ. ಸಿಸಿಗೆ ಸಿಸಿಯೇ ಸಾಟಿ.

ಪಿಬಿ_ರೋಡ್_ಎಸ್ಟೀಮ್

ಇಂಜಿನ್ ನಂಬರ್ ಬದಲಾದರೆ ಆರ್‌ಟಿಒದಲ್ಲಿ ಯಾರು ಅಲೆಯುತ್ತಾರೆ ಅಣ್ಣ? ಅದೂ ಅಲ್ಲದೆ ಅಪ್ಪ ಓಡಿಸಿದ ಇಂಜಿನ್ ಇದೇ ಇರಲಿ ಅಂತ ಆಸೆ. ಸ್ವಾಪ್ ಬೇಡ.

ತುಂಗಭದ್ರಾ_ಲೇತ್

ತಮ್ಮಾ, ನಾನು ಹರಿಹರದವನು. ಲೇತ್, ಮಿಲ್ಲಿಂಗ್, ಹೆಡ್ ಫೇಸಿಂಗ್ ಇದೇ ಹೊಟ್ಟೆಪಾಡು. ಕಿರ್ಲೋಸ್ಕರ್ ಲೇತ್ ತಯಾರಾಗುತ್ತಿದ್ದ ಊರು ನಮ್ಮದು. ಫ್ಯಾಕ್ಟರಿ ಹೋಯಿತು, ಕೈ ಪಳಗಿದವರು ಇನ್ನೂ ಇದ್ದಾರೆ. ಕಟ್ಟಿಸಿದ ಮ್ಯಾನಿಫೋಲ್ಡ್ ತಂದು 'ಅಣ್ಣಾ, ಎಲ್ಲೋ ಗಾಳಿ ಎಳೆಯುತ್ತಿದೆ ನೋಡು' ಅನ್ನುವವರು ನಮ್ಮ ಶೆಡ್ಡಿಗೆ ಆಗಾಗ ಬರುತ್ತಲೇ ಇರುತ್ತಾರೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡ.

20 ಬಿಎಚ್‌ಪಿ ಗ್ಯಾರಂಟಿ ಅಂದವರಿಗೆ ಒಂದೇ ಪ್ರಶ್ನೆ ಕೇಳು: ಎಷ್ಟು ಆರ್‌ಪಿಎಂನಲ್ಲಿ?

ಯಾಕೆ ಅಂತ ಹೇಳುತ್ತೇನೆ. ಇನ್‌ಟೇಕ್ ವಾಲ್ವ್ ತೆರೆದು ಪಿಸ್ಟನ್ ಕೆಳಗೆ ಎಳೆದಾಗ ರನ್ನರ್ ಒಳಗೆ ಒತ್ತಡ ತಗ್ಗಿದ ಒಂದು ಅಲೆ ಹುಟ್ಟಿ ಹಿಂದಕ್ಕೆ ಓಡುತ್ತದೆ. ಪ್ಲೀನಂ ಬಾಯಿಗೆ ಹೋಗಿ, ಅಲ್ಲಿಂದ ಒತ್ತಡ ಏರಿದ ಅಲೆಯಾಗಿ ವಾಪಸ್ ಬರುತ್ತದೆ. ಆ ಅಲೆ ವಾಲ್ವ್ ಮುಚ್ಚುವ ಹೊತ್ತಿಗೆ ಸರಿಯಾಗಿ ಬಂದು ಮುಟ್ಟಿದರೆ ಸಿಲಿಂಡರ್‌ಗೆ ಒಂದಿಷ್ಟು ಗಾಳಿ ಪುಕ್ಕಟೆ. ಬೇಗ ಬಂದರೂ ತಡವಾಗಿ ಬಂದರೂ ಲಾಭ ಇಲ್ಲ. ಉದ್ದ ಪೈಪಿನಲ್ಲಿ ಅಲೆ ಹೋಗಿ ಬರಲು ಹೊತ್ತು ಬೇಕು, ಅದಕ್ಕೆ ಕಡಿಮೆ ಆರ್‌ಪಿಎಂನಲ್ಲಿ ತಾಳ ಕೂಡುತ್ತದೆ. ಗಿಡ್ಡ ಪೈಪಿನಲ್ಲಿ ಮೇಲೆ ಕೂಡುತ್ತದೆ.

ಇದಕ್ಕೊಂದು ಹಳೇ ಅಂದಾಜು ಲೆಕ್ಕ ಇದೆ. 84,000ವನ್ನು ಆರ್‌ಪಿಎಂನಿಂದ ಭಾಗಿಸು. ಬಂದಿದ್ದು ವಾಲ್ವಿನಿಂದ ಪ್ಲೀನಂವರೆಗೆ ಬೇಕಾದ ಉದ್ದ, ಇಂಚಿನಲ್ಲಿ. ಗಮನಿಸು, ವಾಲ್ವಿನಿಂದ. ಅಂದರೆ ಹೆಡ್ ಒಳಗಿನ ಪೋರ್ಟ್ ಕೂಡ ಸೇರಿತು.

ಈಗ ನಿನಗೆ ಕಟ್ಟಿಕೊಡುವ ಪೈಪ್ 15 ಸೆಂಟಿಮೀಟರ್. ಹೆಡ್ ಒಳಗಿನ ದಾರಿ ಸುಮಾರು 9 ಅಂತ ಇಟ್ಟುಕೋ. ಒಟ್ಟು 24. ಇಂಚಿಗೆ ತಂದರೆ ಒಂಬತ್ತೂವರೆಗೆ ಒಂದು ಚೂರು ಕಮ್ಮಿ. ತಿರುಗಿಸಿ ಲೆಕ್ಕ ಹಾಕಿದರೆ ಬರುವುದು ಹೆಚ್ಚುಕಮ್ಮಿ 8,900 ಆರ್‌ಪಿಎಂ! ನಿನ್ನ ಕ್ಯಾಮ್ 7,000ಕ್ಕೆ ಕೈ ಎತ್ತುತ್ತದೆ. ಕಂಪನಿಯ ರಾಡ್, ಕಂಪನಿಯ ವಾಲ್ವ್ ಸ್ಪ್ರಿಂಗ್ ಇಟ್ಟುಕೊಂಡು 8,900 ಮುಟ್ಟಿದರೆ ಆಮೇಲೆ ನೀನು ಕೇಳುವುದು ಮ್ಯಾನಿಫೋಲ್ಡ್ ಅಲ್ಲ, ಬೇರೆ ಇಂಜಿನ್. ಮೇಲೆ ಬಂದ ಗುರುಗಳ ಸಲಹೆ ಆಗ ಕೆಲಸಕ್ಕೆ ಬರುತ್ತದೆ.

ನಿನಗೆ ಬೇಕಾದ ಜಾಗ ಯಾವುದು? ಆಟೋಕ್ರಾಸ್‌ನಲ್ಲಿ ಹೇರ್‌ಪಿನ್‌ನಿಂದ ಎರಡನೇ ಗೇರಲ್ಲಿ ಹೊರಗೆ ಬರುವಾಗ 3,500ರಿಂದ 6,000. ಹೈವೇಯಲ್ಲಿ ಲಾರಿಯನ್ನು ಹಿಂದೆ ಹಾಕುವಾಗಲೂ ಅದೇ. ಪಿ.ಬಿ. ರೋಡಿನಲ್ಲಿ 2,000 ದಾಟಿದರೆ ಪುಣ್ಯ. 5,500ಕ್ಕೆ ಹೊಂದಿಸಿದರೆ ಒಟ್ಟು ಉದ್ದ ಸುಮಾರು 39 ಸೆಂಟಿಮೀಟರ್ ಬೇಕು. ಹೆಡ್ ಪಾಲು ಕಳೆದರೆ ಪೈಪೇ 30. ಇವರು ಕೊಡುತ್ತಿರುವುದು ಅದರ ಅರ್ಧ.

ಇನ್ನು 42 ಎಂಎಂ. ಉದಾಹರಣೆಗೆ 36 ಎಂಎಂ ಪೈಪಿನಿಂದ 42ಕ್ಕೆ ಹೋದರೆ ವಿಸ್ತೀರ್ಣ ನೂರಕ್ಕೆ 36ರಷ್ಟು ಜಾಸ್ತಿ. ಅಂದರೆ ಅದೇ ಆರ್‌ಪಿಎಂನಲ್ಲಿ ಗಾಳಿ ಓಟ ಕಾಲು ಭಾಗಕ್ಕಿಂತ ಹೆಚ್ಚು ಇಳಿಯಿತು. ನಿನ್ನ ಇಂಜಿನ್ ಬೋರ್ 74, ಸ್ಟ್ರೋಕ್ 75.5. 3,000 ಆರ್‌ಪಿಎಂನಲ್ಲಿ 36ರ ಪೈಪಿನಲ್ಲಿ ಇನ್‌ಟೇಕ್ ಸ್ಟ್ರೋಕಿನ ಸರಾಸರಿ ವೇಗ ಸೆಕೆಂಡಿಗೆ 32 ಮೀಟರ್ ಇದ್ದರೆ 42ರಲ್ಲಿ 23. ಗಾಳಿಗೆ ಓಟ ಇದ್ದರೆ ತಾನೇ, ಪಿಸ್ಟನ್ ಮೇಲೆ ತಿರುಗಿದ ಮೇಲೂ ಅದು ಸಿಲಿಂಡರ್‌ಗೆ ನುಗ್ಗೋದು? ಪೈಪ್ ದಪ್ಪ ಆದಷ್ಟೂ ಒಳ್ಳೆಯದು ಅನ್ನುವುದು ಬೋರ್‌ವೆಲ್‌ಗೆ ಸರಿ ಹೋಗಬಹುದು, ಇಲ್ಲಿ ಇಲ್ಲ.

ನನ್ನ ಮಾತು ಇಷ್ಟು: ಮೂರನೇ ದಾರಿ. ಅದು ದುಡ್ಡಿಲ್ಲದವರ ಕೆಲಸ ಅಂದವರನ್ನು ನಮ್ಮ ಶೆಡ್ಡಿಗೆ ಕಳಿಸು, ಟೀ ಕುಡಿಸಿ ಮಾತಾಡಿಸುತ್ತೇನೆ.

ಆದರೆ ಅದಕ್ಕೂ ಮುಂಚೆ ಒಂದು ಕೆಲಸ ಮಾಡು. ಒಂದು ವ್ಯಾಕ್ಯೂಮ್ ಗೇಜ್ ತಗೋ. ಫ್ಯೂಯೆಲ್ ಪ್ರೆಶರ್ ರೆಗ್ಯುಲೇಟರ್‌ಗೆ ಹೋಗುವ ಸಣ್ಣ ಹೋಸ್‌ಗೆ ಒಂದು ಟೀ ಜಾಯಿಂಟ್ ಹಾಕಿ ಗೇಜನ್ನು ಕ್ಯಾಬಿನ್ ಒಳಕ್ಕೆ ತಾ. ಖಾಲಿ ರಸ್ತೆಯಲ್ಲಿ ಎರಡನೇ ಗೇರ್, ಪೂರ್ತಿ ಆಕ್ಸಿಲರೇಟರ್, 6,000ದವರೆಗೆ. ಮುಳ್ಳು ನೋಡೋದು ಪಕ್ಕದಲ್ಲಿ ಕೂತವರು, ನೀನಲ್ಲ. ಫುಲ್ ಥ್ರಾಟಲ್‌ನಲ್ಲಿ ಮುಳ್ಳು ಸೊನ್ನೆ ಹತ್ತಿರ ಇರಬೇಕು. ಒಂದು ಇಂಚಿಗಿಂತ (ಪಾದರಸದ ಇಂಚು, ಗೇಜಿನ ಲೆಕ್ಕ) ಜಾಸ್ತಿ ತೋರಿಸಿದರೆ ಪ್ಲೀನಂಗಿಂತ ಮುಂಚೆಯೇ ಎಲ್ಲೋ ಗಾಳಿ ಸಿಕ್ಕಿಕೊಳ್ಳುತ್ತಿದೆ. ಫಿಲ್ಟರ್, ಪೈಪ್, ಥ್ರಾಟಲ್ ಬಾಡಿ ಈ ಮೂರರಲ್ಲಿ ಒಂದು. ಆಗ ರನ್ನರ್ ಬದಲಿಸಿದರೂ ಅದು ಹಾಗೇ ಇರುತ್ತದೆ.

ಫಾರ್ಮುಲಾ_ಹುಡುಗ

ಅಣ್ಣ ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ದಾವಣಗೆರೆಯಲ್ಲೇ ಮೆಕ್ಯಾನಿಕಲ್ ಓದುತ್ತಿದ್ದೇನೆ. ಫಾರ್ಮುಲಾ ಸ್ಟೂಡೆಂಟ್ (ಇಂಜಿನಿಯರಿಂಗ್ ವಿದ್ಯಾರ್ಥಿಗಳ ರೇಸ್ ಕಾರ್ ಸ್ಪರ್ಧೆ) ಕಾರಿನ ಇನ್‌ಟೇಕ್ ಕೆಲಸ ನಮ್ಮ ಗುಂಪಿನದು. ಅಲ್ಲಿ ಪೆಟ್ರೋಲ್ ಇಂಜಿನ್‌ಗೆ ಹೋಗುವ ಗಾಳಿಯೆಲ್ಲ 20 ಎಂಎಂ ರಿಸ್ಟ್ರಿಕ್ಟರ್ (ಗಾಳಿಗೆ ಮಿತಿ ಹಾಕುವ ಕಿರಿದಾದ ತೂತು) ಒಳಗಿಂದಲೇ ಹೋಗಬೇಕು ಅನ್ನುವುದು ನಿಯಮ. ಹಾಗಾಗಿ ಪ್ಲೀನಂ, ರನ್ನರ್ ಬಗ್ಗೆ ತಲೆ ಕೆಡಿಸಿಕೊಳ್ಳುವುದೇ ನಮ್ಮ ದಿನಚರಿ.

84,000 ಲೆಕ್ಕ ಅಂದಾಜಿಗೆ ಚೆನ್ನಾಗಿ ಕೂರುತ್ತದೆ. 1960ರಲ್ಲಿ ಅಮೆರಿಕದ ಕ್ರೈಸ್ಲರ್ 300ಎಫ್ ಕಾರಿಗೆ 30 ಇಂಚಿನ ರನ್ನರ್ ಇತ್ತು. ಭಾಗಿಸಿ ನೋಡಿ, 2,800 ಬರುತ್ತದೆ. ಆ ಕಾರಿನ ಗರಿಷ್ಠ ಟಾರ್ಕ್ ಸಿಗುತ್ತಿದ್ದದ್ದೂ 2,800ರಲ್ಲೇ. ಜಾಸ್ತಿ ಆರ್‌ಪಿಎಂ ಬೇಕು ಅಂದವರಿಗೆ ಹೊರಗಿಂದ ಹಾಗೇ ಕಾಣುವ ಎರಕ ಕೊಟ್ಟು, ಒಳಗಿನ ನಡುಗೋಡೆ ತೆಗೆದು 15 ಇಂಚಿನ ಹಾಗೆ ಕೆಲಸ ಮಾಡಿಸಿದ್ದರು. 1991ರಲ್ಲಿ ಲೆ ಮಾನ್ 24 ಗಂಟೆ ರೇಸ್ ಗೆದ್ದ ಮಾಜ್ದಾ 787ಬಿಯಲ್ಲಿ ರನ್ನರ್ ಓಡುತ್ತಿರುವಾಗಲೇ ಉದ್ದ-ಗಿಡ್ಡ ಆಗುತ್ತಿತ್ತು. ಒಂದೇ ಉದ್ದ ಎಲ್ಲ ಆರ್‌ಪಿಎಂಗೂ ಆಗಲ್ಲ ಅನ್ನುವುದಕ್ಕೇ ಅಷ್ಟು ಕಷ್ಟಪಟ್ಟಿದ್ದು. ನಮಗೆ ಅದು ಆಗದ ಮಾತು, ಒಂದನ್ನು ಆರಿಸಿಕೊಳ್ಳಲೇಬೇಕು.

ಇನ್ನೊಂದು ಬಿಸಿ. ಇದನ್ನು ನಮ್ಮ ಊರಿನವರು ಯಾಕೋ ಲೆಕ್ಕಕ್ಕೇ ತೆಗೆದುಕೊಳ್ಳಲ್ಲ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ಗಾಳಿಯ ಒತ್ತಡ ಅಲ್ಲೇ ನೂರಕ್ಕೆ ಏಳರಷ್ಟು ಹೋಯಿತು. ಅದರ ಮೇಲೆ ಏಪ್ರಿಲ್ ಬಿಸಿಲು 39-40 ಡಿಗ್ರಿ ಸೇರಿಸಿ. ಪುಸ್ತಕದಲ್ಲಿರುವ 15 ಡಿಗ್ರಿಯ ಸಮುದ್ರಮಟ್ಟದ ಗಾಳಿಗೆ ಹೋಲಿಸಿದರೆ ನಮ್ಮ ಗಾಳಿ ನೂರಕ್ಕೆ 14ರಷ್ಟು ತೆಳು. ಇದು ಬಾನೆಟ್ ಹೊರಗಿನ ಕತೆ. ಬಾನೆಟ್ ಒಳಗೆ ಕೋನ್ ಫಿಲ್ಟರ್ ಹೆಡರ್ ಪಕ್ಕದಲ್ಲೇ ಕೂತಿದ್ದರೆ ಅದು ಕುಡಿಯುವುದು 60 ಡಿಗ್ರಿ ಗಾಳಿ. 30ರಿಂದ 60ಕ್ಕೆ ಏರಿದರೆ ಗಾಳಿಯ ಸಾಂದ್ರತೆ ನೂರಕ್ಕೆ 9ರಷ್ಟು ಇಳಿಯುತ್ತದೆ. ನಿಮ್ಮ ಏರ್ ಬಾಕ್ಸ್ ಮೊದಲು ಗಾಳಿಯನ್ನು ಎಲ್ಲಿಂದ ಎಳೆಯುತ್ತಿತ್ತು, ಈಗ ಎಲ್ಲಿಂದ ಎಳೆಯುತ್ತಿದೆ? ಫೋಟೋ ಹಾಕಿ.

ಮ್ಯಾನಿಫೋಲ್ಡ್ ಮತ್ತು ಹೆಡ್ ನಡುವೆ ಫೀನಾಲಿಕ್ ಸ್ಪೇಸರ್ (ಬಿಸಿ ತಡೆಯುವ ಗಟ್ಟಿ ಪ್ಲಾಸ್ಟಿಕ್ ಹಲಗೆ) ಹಾಕಿದರೆ ಹೆಡ್ಡಿನ ಬಿಸಿ ಮ್ಯಾನಿಫೋಲ್ಡ್‌ಗೆ ಹತ್ತುವುದು ಕಮ್ಮಿಯಾಗುತ್ತದೆ. ಟ್ರಾಫಿಕ್ಕಿನಲ್ಲಿ ನಿಂತು ಹೊರಟಾಗ ವ್ಯತ್ಯಾಸ ಗೊತ್ತಾಗುತ್ತದೆ. ಹೈವೇ ಓಟದಲ್ಲಿ ಅಷ್ಟೇನಿಲ್ಲ. ಆದರೆ ಕೆಲವು ಇಂಜಿನ್‌ಗಳಲ್ಲಿ ಕೂಲಂಟ್ ದಾರಿ ಮ್ಯಾನಿಫೋಲ್ಡ್ ಒಳಗೂ ಹಾಯುತ್ತದೆ. ಬಿಚ್ಚುವಾಗ ಅದನ್ನು ನೋಡಿಕೊಂಡು ಸ್ಪೇಸರ್ ಕತ್ತರಿಸಬೇಕು. ಇಲ್ಲದಿದ್ದರೆ ಕೂಲಂಟ್ ಸಿಲಿಂಡರ್ ದಾರಿ ಹಿಡಿಯುತ್ತದೆ.

ದುರ್ಗದ_ಗಾಳಿ

ಕೋಟೆ ಊರಿನಿಂದ ನಮಸ್ಕಾರ. ನಾಲ್ಕು ಥ್ರಾಟಲ್ ಬಾಡಿ ಹಾಕಿಕೊಂಡಿರುವವನು ನಾನು. ಅದಕ್ಕೇ ಆ ಎರಡನೇ ದಾರಿ ಬಗ್ಗೆ ಹೇಳುತ್ತೇನೆ.

ಸೌಂಡ್ ಬಗ್ಗೆ ನೀವು ಹೇಳಿದ್ದು ಪೂರ್ತಿ ನಿಜ. ನಾಲ್ಕು ಟ್ರಂಪೆಟ್ (ಥ್ರಾಟಲ್ ಬಾಯಿಯ ತುತ್ತೂರಿ ಪೈಪ್) ಒಟ್ಟಿಗೆ ಬಾಯಿ ತೆರೆದಾಗ ಮೈ ಜುಮ್ ಅನ್ನುತ್ತದೆ. ಕಾಲು ಮುಟ್ಟಿದರೆ ಇಂಜಿನ್ ಆಗಲೇ ಅಲ್ಲಿರುತ್ತದೆ. ಇವತ್ತಿಗೂ ನನಗೆ ಅದರ ಹುಚ್ಚು ಬಿಟ್ಟಿಲ್ಲ.

ಆದರೆ ನನ್ನ ಗಾಡಿ ಇವೆಂಟ್‌ಗೆ ಟ್ರೇಲರ್ ಮೇಲೆ ಹೋಗುತ್ತದೆ. ನಿಮ್ಮದು ಅಂಗಡಿಗೆ ಹೋಗುವ ಗಾಡಿ ಅಲ್ವಾ?

ನಿಮ್ಮ ಇಂಜಿನ್ ಪೆಟ್ರೋಲ್ ಲೆಕ್ಕ ಹಾಕುವುದು ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡ್ ಒಳಗಿನ ಒತ್ತಡ ಅಳೆಯುವುದು) ನೋಡಿಕೊಂಡು. ಸಿಲಿಂಡರ್‌ಗೊಂದು ಥ್ರಾಟಲ್ ಬಂದರೆ ಸ್ವಲ್ಪ ತೆರೆದ ಕೂಡಲೇ ವ್ಯಾಕ್ಯೂಮ್ ಬಿದ್ದುಹೋಗುತ್ತದೆ, ಸಿಗ್ನಲ್ ಕುಣಿಯುತ್ತದೆ. ಪಿಗ್ಗಿಬ್ಯಾಕ್‌ಗೆ ಇದು ತಿಳಿಯಲ್ಲ. ಕಂಪನಿಯದನ್ನು ತೆಗೆದು ಸ್ಟ್ಯಾಂಡ್‌ಅಲೋನ್ ಇಸಿಯು ಹಾಕಿ, ಥ್ರಾಟಲ್ ಎಷ್ಟು ತೆರೆದಿದೆ ಅನ್ನುವುದನ್ನೇ ಆಧಾರ ಮಾಡಿ ಪೆಟ್ರೋಲ್ ಲೆಕ್ಕದ ಪಟ್ಟಿಯನ್ನು ಮೊದಲಿನಿಂದ ಬರೆಯಬೇಕು. ಥ್ರಾಟಲ್ ಬಾಡಿಗಿಂತ ಅದರ ಖರ್ಚೇ ಜಾಸ್ತಿ.

ಬ್ರೇಕ್ ಇನ್ನೊಂದು. ಬೂಸ್ಟರ್‌ಗೆ ವ್ಯಾಕ್ಯೂಮ್ ಬೇಕು. ಒಂದೇ ರನ್ನರ್‌ನಿಂದ ತೆಗೆದರೆ ಎರಡು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಿನ ಹಾಗೆ ಗಟ್ಟಿ. ನಾಲ್ಕರಿಂದಲೂ ಹೋಸ್ ತೆಗೆದು ಒಂದು ಸಣ್ಣ ಟ್ಯಾಂಕಿಗೆ ಸೇರಿಸಿ, ಚೆಕ್ ವಾಲ್ವ್ ಹಾಕಬೇಕು. ಐಡಲ್‌ನಲ್ಲಿ ನಾಲ್ಕೂ ಸಮ ಇರುವ ಹಾಗೆ ಆಗಾಗ ಸಿಂಕ್ ಮಾಡುತ್ತಿರಬೇಕು.

ಧೂಳಂತೂ ಕೇಳಬೇಡಿ. ನಮ್ಮ ಕಡೆ ಕೆಂಪು ಮಣ್ಣು, ನಿಮ್ಮ ಕಡೆ ಮೆಕ್ಕೆಜೋಳದ ಹೊಟ್ಟು. ಮೆಕ್ಕೆಜೋಳ ಬರುವ ಸೀಸನ್ನಿನಲ್ಲಿ ಎಪಿಎಂಸಿ ಸುತ್ತ ಒಂದು ರೌಂಡ್ ಹೋಗಿ ಬಂದರೆ ಗ್ಲಾಸ್ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ಅದರಲ್ಲಿ ಟ್ರಂಪೆಟ್ ಬಾಯಿ ತೆರೆದುಕೊಂಡು ಓಡಿಸುತ್ತೀರಾ? ಮಣ್ಣು ಸಿಲಿಂಡರ್ ಒಳಗೆ ಹೋದರೆ ರಿಂಗ್ ಸವೆಯಲು ಎಷ್ಟು ಹೊತ್ತು? ಫೋಮ್ ಸಾಕ್ಸ್ ಹಾಕಬಹುದು, ಬೇಗ ಕಟ್ಟಿಕೊಳ್ಳುತ್ತವೆ.

ಇನ್ನೊಂದು ವಿಷಯ ಯಾರೂ ಹೇಳಿಲ್ಲ. ಆಟೋಕ್ರಾಸ್‌ನಲ್ಲಿ ನೀವು ಯಾವ ಕ್ಲಾಸಿಗೆ ಎಂಟ್ರಿ ಹಾಕುತ್ತೀರಿ? ಕ್ಯಾಮ್ ಬದಲಾದ ಮೇಲೆ ಸ್ಟಾಕ್ ಕ್ಲಾಸ್ ಕೈ ತಪ್ಪಿದ ಹಾಗೆಯೇ. ಮ್ಯಾನಿಫೋಲ್ಡ್ ಕೂಡ ಬದಲಾದರೆ ಯಾವ ಗುಂಪಿಗೆ ಬೀಳುತ್ತೀರಿ ಅಂತ ಆ ವರ್ಷದ ರೂಲ್ ಬುಕ್ ನೋಡಿ. ಪೂರ್ತಿ ಕಟ್ಟಿದ ರೇಸ್ ಗಾಡಿಗಳ ಜೊತೆ ಸುಮ್ನೆ ಯಾಕೆ ಸಿಕ್ಕಿಹಾಕಿಕೊಳ್ಳುತ್ತೀರಿ? ರಸ್ತೆ ಮೇಲಂತೂ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವ ಹಾಗಿಲ್ಲ ಅಂದಿದೆ. ಬಾನೆಟ್ ಎತ್ತಿದಾಗ ಹೊಳೆಯುವ ದೊಡ್ಡ ಡಬ್ಬಿ ಕಂಡರೆ ಯಾರಿಗಾದರೂ ಪ್ರಶ್ನೆ ಕೇಳಬೇಕು ಅನ್ನಿಸುತ್ತದೆ.

ಪಿಬಿ_ರೋಡ್_ಎಸ್ಟೀಮ್

ಎಲ್ಲರಿಗೂ ಥ್ಯಾಂಕ್ಸ್. ಥ್ರಾಟಲ್ ಬಾಡಿ ಆಸೆ ಬಿಟ್ಟೆ. ಬಿಟ್ಟೆ ಅಂದರೆ ಪೂರ್ತಿ ಅಲ್ಲ, ಮುಂದೆ ಬೇರೆ ಗಾಡಿಗೆ ನೋಡೋಣ.

ಲೇತ್ ಅಣ್ಣ, ನೀವು ಹೇಳಿದ ಹಾಗೆ ಗೇಜ್ ಹಾಕಿ ಬೆಳಗ್ಗೆ ಹೋಗಿದ್ದೆ. ಪಕ್ಕದಲ್ಲಿ ತಮ್ಮ ಕೂತಿದ್ದ. ಐಡಲ್‌ನಲ್ಲಿ 14 ಇಂಚು ಆಸುಪಾಸು ಅಲ್ಲಾಡುತ್ತದೆ. ಫುಲ್ ಥ್ರಾಟಲ್‌ನಲ್ಲಿ 4,000ಕ್ಕೆ ಅರ್ಧ ಇಂಚು. 6,000ಕ್ಕೆ ಸುಮಾರು ಎರಡು ಇಂಚು! ಕೋನ್ ಫಿಲ್ಟರ್ ಮತ್ತು ಅದರ ಪೈಪ್ ಎರಡನ್ನೂ ಬಿಚ್ಚಿ ಒಂದೇ ಒಂದು ಸಲ ಹೊಡೆದು ನೋಡಿದೆ, ಎರಡು ಇದ್ದದ್ದು ಮುಕ್ಕಾಲಿಗೆ ಬಂತು. ಪೈಪ್ ನೋಡಿದರೆ ಮಡಿಕೆ ಮಡಿಕೆಯ ರಬ್ಬರ್ ಹೋಸ್. ಒಂದು ಕಡೆ ಬ್ಯಾಟರಿಗೆ ಒತ್ತಿಕೊಂಡು ಚಪ್ಪಟೆ ಆಗಿದೆ. ಫಿಲ್ಟರ್ ಕೂತಿರುವುದು ರೇಡಿಯೇಟರ್ ಫ್ಯಾನ್ ಹಿಂದೆ, ಬಿಸಿ ಗಾಳಿ ನೇರವಾಗಿ ಅದಕ್ಕೇ ಹೊಡೆಯುತ್ತದೆ. ಫಾರ್ಮುಲಾ ತಮ್ಮ ಕೇಳಿದ ಫೋಟೋ ಹಾಕಿದ್ದೇನೆ, ನಗಬೇಡಿ.

ಐಡಲ್ 14 ಕಮ್ಮಿ ಅಲ್ವಾ? ನೆಟ್ಟಲ್ಲಿ 18-20 ಇರಬೇಕು ಅಂತ ಇದೆ.

ತುಂಗಭದ್ರಾ_ಲೇತ್

ನೋಡಿದೆಯಾ? 38 ಸಾವಿರದ ಡಬ್ಬಿ ಕೂರಿಸಿದ್ದರೂ ಅದೇ ಚಪ್ಪಟೆ ಹೋಸ್ ಹಿಂದೆ ನಿಂತಿರುತ್ತಿತ್ತು.

ಎರಡು ಇಂಚು ಅಂದರೆ ಆರೂಮುಕ್ಕಾಲು ಕಿಲೋಪಾಸ್ಕಲ್. ನಮ್ಮ ಊರಿನ ಒತ್ತಡವೇ 94-95. ಅದರಲ್ಲಿ ನೂರಕ್ಕೆ ಏಳು ಅಲ್ಲೇ ಹೋಯಿತು. 5,500 ಆದ ಮೇಲೆ ಗಾಡಿ ಸುಸ್ತಾಗದೆ ಏನು ಮಾಡುತ್ತದೆ? ಆ ಹೋಸ್ ಕಿತ್ತು ಬಿಸಾಕು. ಒಳಗೆ ನುಣ್ಣಗಿರುವ ಪೈಪ್ ಹಾಕಿ, ಫಿಲ್ಟರನ್ನು ಹೆಡ್‌ಲೈಟ್ ಹಿಂದಕ್ಕೋ ಬಂಪರ್ ಒಳಕ್ಕೋ ತಳ್ಳಿ, ಸುತ್ತ ತಗಡಿನ ಗೋಡೆ ಮಾಡಿಸು. ಇಲ್ಲದಿದ್ದರೆ ಹಳೇ ಏರ್ ಬಾಕ್ಸನ್ನೇ ವಾಪಸ್ ಹಾಕು, ನನ್ನ ಕೇಳಿದರೆ ಅದೇ ವಾಸಿ. ಬಂಪರ್ ಒಳಗೆ ಇಟ್ಟರೆ ಮಳೆಗಾಲದಲ್ಲಿ ನೀರು ನಿಂತ ಅಂಡರ್‌ಪಾಸ್ ಕಡೆ ತಲೆ ಹಾಕಬೇಡ. ಇಂಜಿನ್ ನೀರು ಕುಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಐಡಲ್ ವಿಷಯ. ನೆಟ್ಟಲ್ಲಿರುವ 18-20 ಸಮುದ್ರಮಟ್ಟದ ಲೆಕ್ಕ. ನಮ್ಮ ಎತ್ತರಕ್ಕೆ ಎರಡು ಇಂಚು ಕಳೆ. ರೀಗ್ರೈಂಡ್ ಕ್ಯಾಮ್‌ಗೆ ಓವರ್‌ಲ್ಯಾಪ್ (ಇನ್‌ಟೇಕ್, ಎಕ್ಸಾಸ್ಟ್ ವಾಲ್ವ್ ಎರಡೂ ತೆರೆದಿರುವ ಹೊತ್ತು) ಜಾಸ್ತಿ, ಅದಕ್ಕೆ ಇನ್ನೂ ಒಂದೆರಡು ಕಳೆ. ಹಾಗಾಗಿ 14 ಕೆಟ್ಟದ್ದಲ್ಲ. ಆದರೂ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಒಂದು ಸಲ ನೋಡಿಬಿಡೋಣ. ಹೆಡ್ ಬಿಚ್ಚಿ ಹಾಕಿದ ಗಾಡಿಯಲ್ಲಿ ಅಲ್ಲೇ ಗಾಳಿ ಎಳೆಯುವುದು. ಇಂಜಿನ್ ಐಡಲ್‌ನಲ್ಲಿ ಓಡುವಾಗ ಊದಿನಕಡ್ಡಿ ಹಚ್ಚಿ ಜಾಯಿಂಟ್ ಉದ್ದಕ್ಕೂ ಹಿಡಿದುಕೊಂಡು ಹೋಗು. ಹೊಗೆ ಎಲ್ಲಿ ಒಳಕ್ಕೆ ಬಾಗುತ್ತದೋ ಅಲ್ಲಿ ಕಳ್ಳ ಇದ್ದಾನೆ. ಪೆಟ್ರೋಲ್ ಲೈನ್ ಲೀಕ್ ಇಲ್ಲ ಅಂತ ಮೊದಲು ನೋಡಿಕೊಂಡೇ ಕಡ್ಡಿ ಹಚ್ಚು, ಆಮೇಲೆ ನನ್ನ ಹೆಸರು ಹೇಳಬೇಡ.

ಇನ್ನು ತಿದ್ದುವ ಕೆಲಸ ಹೇಗೆ ಅಂತ ಹೇಳುತ್ತೇನೆ, ನೀನೇ ಬಂದು ಎದುರಿಗೆ ನಿಂತು ನೋಡಬಹುದು. ಮೊದಲು ಮ್ಯಾನಿಫೋಲ್ಡ್ ಮುಖದ ಮೇಲೆ ಸ್ಟ್ರೇಟ್ ಎಡ್ಜ್ ಇಟ್ಟು ಫೀಲರ್ ಗೇಜ್ ತೂರಿಸಿ ನೋಡುತ್ತೇನೆ. ಇಪ್ಪತ್ತು ವರ್ಷದ ಅಲ್ಯೂಮಿನಿಯಂ, ಸೊಟ್ಟ ಆಗಿರಲೇಬೇಕು. ಸ್ವಲ್ಪ ಫೇಸಿಂಗ್ ಹೊಡೆದರೆ ಸರಿ. ಆಮೇಲೆ ಮುಖಕ್ಕೆ ಮಾರ್ಕಿಂಗ್ ನೀಲಿ ಬಳಿದು, ಹೊಸ ಗ್ಯಾಸ್ಕೆಟ್ ಸ್ಟಡ್ ತೂತಿಗೆ ಸರಿಯಾಗಿ ಕೂರಿಸಿ, ಸ್ಕ್ರೈಬರ್‌ನಿಂದ ಪೋರ್ಟ್ ಸುತ್ತ ಗೆರೆ. ಹೆಡ್ಡಿಗೂ ಅದೇ. ಎರಡು ಗೆರೆ ಪಕ್ಕಪಕ್ಕ ನೋಡಿದರೆ ಎಲ್ಲಿ ಮೆಟ್ಟಿಲು ಇದೆ ಅಂತ ಕಣ್ಣಿಗೇ ಕಾಣುತ್ತದೆ.

ಮೆಟ್ಟಿಲಿನಲ್ಲಿ ಎರಡು ಥರ. ಮ್ಯಾನಿಫೋಲ್ಡ್ ತೂತು ದೊಡ್ಡದು, ಹೆಡ್ ಪೋರ್ಟ್ ಚಿಕ್ಕದು ಇದ್ದರೆ ಗಾಳಿ ಓಡಿ ಬಂದು ಗೋಡೆಗೆ ಹೊಡೆಯುತ್ತದೆ. ಅದು ಇರಲೇಬಾರದು. ಮ್ಯಾನಿಫೋಲ್ಡ್ ಒಂದು ಚೂರು ಚಿಕ್ಕದು, ಹೆಡ್ ದೊಡ್ಡದು ಇದ್ದರೆ ಅಷ್ಟು ತೊಂದರೆ ಇಲ್ಲ. ನಿನ್ನ ಹಾಗೆ ಓವರ್‌ಲ್ಯಾಪ್ ಇರುವ ಕ್ಯಾಮ್‌ನಲ್ಲಿ ಹಿಂದಕ್ಕೆ ಉಗುಳುವ ಗಾಳಿಯನ್ನು ಅದು ಸ್ವಲ್ಪ ತಡೆಯುತ್ತದೆ ಕೂಡ. ಅದಕ್ಕೇ ನಾನು ಮ್ಯಾನಿಫೋಲ್ಡ್ ಕಡೆ ಗೆರೆ ಒಳಗೇ ನಿಲ್ಲಿಸುತ್ತೇನೆ, ಗೆರೆ ತಿನ್ನುವುದಿಲ್ಲ. ಡೈ ಗ್ರೈಂಡರ್‌ನಿಂದ ರನ್ನರ್ ಒಳಕ್ಕೆ ಎರಡು ಮೂರು ಸೆಂಟಿಮೀಟರ್ ನಿಧಾನಕ್ಕೆ ಬೆರೆಸಿ, 80 ನಂಬರ್ ಎಮರಿಯಲ್ಲಿ ಬಿಟ್ಟುಬಿಡುವುದು. ಕನ್ನಡಿ ಪಾಲಿಶ್ ಕೇಳಬೇಡ. ಫೋಟೋಗೆ ಚೆಂದ, ಇಂಜಿನ್‌ಗೆ ಏನೂ ಇಲ್ಲ.

ಆದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದು, ಏರ್ ಹೊಡೆದು, ಮತ್ತೆ ತೊಳೆದು, ಒಳಗೆ ಬಿಳಿ ಬಟ್ಟೆ ಎಳೆದು ನೋಡಬೇಕು. ಬಟ್ಟೆ ಮೇಲೆ ಒಂದು ಹೊಳೆಯುವ ಚೂರು ಕಂಡರೂ ಮತ್ತೆ ಮೊದಲಿನಿಂದ. ಎಷ್ಟೋ ಮಂದಿ ಇಲ್ಲೇ ಅವಸರ ಮಾಡುವುದು. ಜೋಡಿಸುವಾಗ ನಟ್ ನಡುವಿನಿಂದ ಶುರು ಮಾಡಿ ಎರಡೂ ತುದಿಗೆ ಹೋಗಬೇಕು, ಒಂದೇ ಸಲಕ್ಕೆ ಪೂರ್ತಿ ಬಿಗಿಯಬಾರದು.

ಇಷ್ಟರಿಂದ ಎಷ್ಟು ಬಿಎಚ್‌ಪಿ ಅಂತ ಕೇಳಬೇಡ. ನಾನು ಗ್ಯಾರಂಟಿ ಕೊಡುವವನಲ್ಲ.

ಫಾರ್ಮುಲಾ_ಹುಡುಗ

ಟ್ಯೂನ್ ಮರೆಯಬೇಡಿ. ಕ್ಯಾಮ್ ಬದಲಾದಾಗಲೇ ಆಗಬೇಕಿತ್ತು. ಪ್ರತಿ ಆರ್‌ಪಿಎಂನಲ್ಲಿ ಸಿಲಿಂಡರ್ ತುಂಬುವ ಪ್ರಮಾಣವೇ ಬೇರೆ ಆಗಿದೆ, ಇಸಿಯು ಇನ್ನೂ ಹಳೇ ಲೆಕ್ಕದಲ್ಲೇ ಪೆಟ್ರೋಲ್ ಹಾಕುತ್ತಿದೆ. ಈಗ ಹೋಸ್ ಸರಿಯಾದರೆ ಮೇಲೆ ಇನ್ನಷ್ಟು ಗಾಳಿ ಬರುತ್ತದೆ. ಮ್ಯಾಪ್ ಸೆನ್ಸರ್ ಒತ್ತಡ ಏರಿದ್ದನ್ನು ನೋಡಿ ಸ್ವಲ್ಪ ಸರಿ ಮಾಡಿಕೊಳ್ಳುತ್ತದೆ, ಪೂರ್ತಿ ಅಲ್ಲ. ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ ಫುಲ್ ಥ್ರಾಟಲ್‌ನಲ್ಲಿ ಗಾಳಿ-ಪೆಟ್ರೋಲ್ ಪ್ರಮಾಣ 12.5ರಿಂದ 13ರ ನಡುವೆ ಇದೆಯಾ ನೋಡಿ. 14 ದಾಟಿದ್ದರೆ ತಕ್ಷಣ ಕಾಲು ತೆಗೆಯಿರಿ. ಬೇಸಿಗೆಯಲ್ಲಿ ಈ ಬಿಸಿ ಗಾಳಿಗೆ ನಾಕಿಂಗ್ ಬೇಗ ಶುರುವಾಗುತ್ತದೆ.

ಗೇರ್‌ಬಾಕ್ಸ್_ಗುರು

ಒಪ್ಪಿದೆ ಲೇತ್ ಅಣ್ಣ. ಹಾಗಾದರೆ ಕಟ್ಟಿದ ಮ್ಯಾನಿಫೋಲ್ಡ್ ಯಾರಿಗೂ ಬೇಡವೇ ಬೇಡವಾ?

ತುಂಗಭದ್ರಾ_ಲೇತ್

ಯಾಕೆ ಬೇಡ? ಟರ್ಬೊ ಹಾಕಿದವರಿಗೆ, ರಾಡ್-ಪಿಸ್ಟನ್ ಬದಲಿಸಿ ನಿಜವಾಗಲೂ 8,000 ತಿರುಗಿಸುವವರಿಗೆ ಬೇಕು. ನಾನೇ ಫ್ಲೇಂಜ್ ಮಾಡಿಕೊಟ್ಟಿದ್ದೇನೆ. ಆದರೆ ಕಟ್ಟಿಸುವುದಾದರೆ ನಾಲ್ಕು ಸಂಗತಿ ನೋಡಿ ದುಡ್ಡು ಕೊಡಿ. ಫ್ಲೇಂಜ್ 12 ಎಂಎಂ ದಪ್ಪ ಇರಲಿ, ತೆಳು ಇದ್ದರೆ ಟಿಗ್ ವೆಲ್ಡಿಂಗ್ ಬಿಸಿಗೆ ಬಾಳೆ ಎಲೆ ಥರ ಸುರುಳುತ್ತದೆ. ವೆಲ್ಡಿಂಗ್ ಆದ ಮೇಲೆ ಮಿಲ್ಲಿಂಗ್‌ನಲ್ಲಿ ಫೇಸ್ ಹೊಡೆದಿರಬೇಕು, ಮೊದಲೇ ಹೊಡೆದರೆ ಉಪಯೋಗ ಇಲ್ಲ. ಪ್ಲೀನಂ ಒಳಗೆ ಕೈ ಹಾಕಿ ರನ್ನರ್ ಬಾಯಿ ಮುಟ್ಟಿ ನೋಡಿ, ಅಂಚು ದುಂಡಗಿರಬೇಕು. ಚೂಪಾಗಿದ್ದರೆ ಗಾಳಿ ಅಲ್ಲೇ ಸುಳಿ ಸುತ್ತುತ್ತದೆ. ಪ್ಲೀನಂ ಭಾರ ಹೊರಲು ಇಂಜಿನ್ ಬ್ಲಾಕ್‌ಗೆ ಒಂದು ಬ್ರ್ಯಾಕೆಟ್ ಬೇಕೇ ಬೇಕು. ಅದಿಲ್ಲದೆ ನಡುಗಿ ನಡುಗಿ ವೆಲ್ಡಿಂಗ್ ಸೀಳು ಬಿಟ್ಟು ನಮ್ಮ ಶೆಡ್ಡಿಗೆ ಬಂದವೇ ಜಾಸ್ತಿ.

ಪಿಬಿ_ರೋಡ್_ಎಸ್ಟೀಮ್

ಲೇತ್ ಅಣ್ಣ, ಏರ್ ಬಾಕ್ಸ್ ಅಟ್ಟದ ಮೇಲೆ ಇತ್ತು, ಇಳಿಸಿ ತೊಳೆದಿದ್ದೇನೆ. ಬೆಂಗಳೂರಿನವರಿಗೆ ಸದ್ಯಕ್ಕೆ ಬೇಡ ಅಂದೆ. ಮ್ಯಾನಿಫೋಲ್ಡ್ ಬಿಚ್ಚಿಕೊಂಡು ಬರಲಾ, ಗಾಡಿಯನ್ನೇ ತರಲಾ? ಸ್ಪೇಸರ್ ಕೂಡ ಆಗಲೇ ಹಾಕಬಹುದಾ?

ತುಂಗಭದ್ರಾ_ಲೇತ್

ಗಾಡಿಯನ್ನೇ ತಾ. ಹೆಡ್ ಕಡೆ ಗೆರೆ ನೋಡದೆ ಮ್ಯಾನಿಫೋಲ್ಡ್ ಮುಟ್ಟುವುದಿಲ್ಲ. ಹಿಂದಿನ ರಾತ್ರಿಯೇ ತಂದು ಬಿಡು, ಇಂಜಿನ್ ತಣ್ಣಗಿರಬೇಕು. ಸ್ಪೇಸರ್ ಹಾಕಿದರೆ ಸ್ಟಡ್ ಉದ್ದ ಸಾಲದೆ ಬರುತ್ತದೆ, ಥ್ರಾಟಲ್ ಕೇಬಲ್ ಎಳೆತವೂ ಬದಲಾಗುತ್ತದೆ. ಮೊದಲು ಕೂಲಂಟ್ ದಾರಿ ಬಿಚ್ಚಿ ನೋಡಿ ಆಮೇಲೆ ಮಾತಾಡೋಣ. ಕೂಲಂಟ್ ಒಂದು ಕ್ಯಾನ್ ತಾ. ಗ್ಯಾಸ್ಕೆಟ್ ಎರಡು ತಾ, ಒಂದು ಗೆರೆ ಹಾಕುವುದಕ್ಕೆ, ಒಂದು ಕೂರಿಸುವುದಕ್ಕೆ. ಮಂಗಳವಾರ ಬೇಡ, ನಮ್ಮ ಫೀಡರ್‌ನಲ್ಲಿ ಅವತ್ತು ಕರೆಂಟ್ ತೆಗೆಯುತ್ತಾರಂತೆ.